‘ಇಲ್ಲಿ ಗ್ಯಾಸ್ ಕಟಿಂಗ್ ಬೇಡ’: ನಾವು ಕನ್ನಡದಲ್ಲಿ ಬರೆಯದ ಒಂದು ಸಾಲು

ಹೋದ ರಜೆಯಲ್ಲಿ ನಾವು ನಾಲ್ಕು ಜನ ಸೇರಿ 12 ಮಿ.ಮೀ. ದಪ್ಪದ ಒಂದು ಪ್ಲೇಟ್ ಹಾಳು ಮಾಡಿದೆವು. ತೂಕ ಸುಮಾರು 21 ಕೆಜಿ. ಹಾಳಾಗಿದ್ದು ವೆಲ್ಡಿಂಗ್ ಶಾಪಿನ ಹುಡುಗನ ಕೈಯಲ್ಲಿ, ಆದರೆ ಹಾಳು ಮಾಡಿದ್ದು ನಾವೇ. ಅದು ಹೇಗೆ ಅಂತ ಹೇಳೋದಕ್ಕೇ ಈ ಲೇಖನ. ನಾವು ನಾಲ್ಕೂ ಜನ ಇಂಗ್ಲಿಷ್ ಮೀಡಿಯಂನವರು. ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದಿಕೊಳ್ಳಲಿ, ವಿಷಯ ಮಾತ್ರ ಹಾಗೇ ಇರಲಿ.

ನಮ್ಮಲ್ಲೊಬ್ಬನ ದೊಡ್ಡಪ್ಪನಿಗೆ ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇದೆ. ಮಲೆನಾಡಿನ ಮಳೆ ಗೊತ್ತಲ್ಲ, ಬಸಿಗಾಲುವೆ ಸರಿಯಾಗಿ ಇಲ್ಲದಿದ್ದರೆ ನೀರು ನಿಂತು ಬೇರು ಕೊಳೆಯುತ್ತೆ. ಮೊದಲು ಆಳುಗಳು ಗುದ್ದಲಿ ಹಿಡಿದು ತೆಗೆಯುತ್ತಿದ್ದರು. ಈಗ ಆಳು ಸಿಗೋದಿಲ್ಲ. ಹಾಗಾದರೆ ಜೆಸಿಬಿ ತರಿಸಬಹುದಲ್ಲ ಅಂತ ನಾವೂ ಕೇಳಿದೆವು. ನಮ್ಮ ಊರುಗಳಲ್ಲಿ ಮಣ್ಣು ಅಗೆಯೋ ಹಳದಿ ಮಷಿನ್ ಯಾವುದಿದ್ದರೂ ಅದು ‘ಜೆಸಿಬಿ’ನೇ. ಅದರ ತೂಕ ಏಳು ಟನ್ ದಾಟುತ್ತೆ, ಅಗಲ ಏಳು ಅಡಿಗೂ ಹೆಚ್ಚು. ಅಡಿಕೆ ಮರಗಳ ನಡುವೆ ಇರೋದು ಒಂಬತ್ತು ಅಡಿ. ಒಳಗೆ ನುಗ್ಗಿದರೂ ತಿರುಗೋಕೆ ಆಗಲ್ಲ, ಒದ್ದೆ ಮಣ್ಣು ಗಟ್ಟಿಯಾಗಿ ಕೂರುತ್ತೆ, ಬೇರುಗಳ ಗತಿ ಕೇಳಲೇಬೇಡಿ. ದೊಡ್ಡಪ್ಪನ ಹತ್ತಿರ 27 ಎಚ್‌ಪಿ ಮಿನಿ ಟ್ರಾಕ್ಟರ್ ಇದೆ. ನಾಲ್ಕಡಿ ಅಗಲ, ಸಾಲಿನ ಮಧ್ಯೆ ಆರಾಮಾಗಿ ಹೋಗುತ್ತೆ. ಹಾಗಾಗಿ ಅವರು ಎಲ್ಲೋ ಒಂದು ಸೆಕೆಂಡ್ ಹ್ಯಾಂಡ್ ಬ್ಯಾಕ್‌ಹೋ ಹಿಡಿದು ತಂದರು. ಟ್ರಾಕ್ಟರಿನ ಹಿಂದೆ ಸಿಕ್ಕಿಸೋ ಅಗೆಯುವ ಕೈ ಅಂದುಕೊಳ್ಳಿ. ಸೈಜ್ ಸರಿ ಇತ್ತು, ಆದರೆ ಅದು ಬೇರೆ ಕಂಪನಿಯ ಟ್ರಾಕ್ಟರಿಗೆ ಮಾಡಿದ್ದು. ಕೂರಿಸೋ ಫ್ರೇಮ್ ನಮ್ಮದಕ್ಕೆ ಹೊಂದಲಿಲ್ಲ. ಹೊಸ ಫ್ರೇಮ್ ಮಾಡಬೇಕು. ಮೇನ್ ರೋಡಿನ ವೆಲ್ಡಿಂಗ್ ಶಾಪಿನ ಮೇಸ್ತ್ರಿ ಒಪ್ಪಿಕೊಂಡರು. ನಮಗೆ ಮಿನಿ ಪ್ರಾಜೆಕ್ಟ್ ಬೇಕಿತ್ತು. ಲ್ಯಾಪ್‌ಟಾಪ್ ಹಿಡಿದು ಹೊರಟೆವು.

ಸುಲಭದ ದಾರಿ ಒಂದಿತ್ತು. ಟ್ರಾಕ್ಟರಿನ ಹಿಂದೆ ಮೂರು ಪಾಯಿಂಟ್ ಲಿಂಕೇಜ್ ಇರುತ್ತಲ್ಲ, ಕೆಳಗೆ ಎರಡು ತೋಳು, ಮೇಲೆ ಒಂದು ಟಾಪ್ ಲಿಂಕ್, ಅದಕ್ಕೇ ಬ್ಯಾಕ್‌ಹೋ ನೇತುಹಾಕೋದು. ಮೂರು ಪಿನ್ ಹಾಕಿದರೆ ಮುಗೀತು. ತುಂಬಾ ಜನ ಹಾಗೇ ಮಾಡ್ತಾರೆ. ಈ ಲಿಂಕೇಜಿಗೆ 1926ರಲ್ಲಿ ಪೇಟೆಂಟ್ ಪಡೆದವರು ಹ್ಯಾರಿ ಫರ್ಗ್ಯುಸನ್. 1939ರಲ್ಲಿ ಫೋರ್ಡ್ ಜೊತೆ ಸೇರಿ ತಂದ 9ಎನ್ ಟ್ರಾಕ್ಟರಿನಿಂದ ಅದು ಊರೂರಿಗೂ ಹೋಯಿತು. ಆದರೆ ಫರ್ಗ್ಯುಸನ್ ಅದನ್ನು ಯೋಚಿಸಿದ್ದು ನೇಗಿಲಿಗಾಗಿ. ನೇಗಿಲು ಕಲ್ಲಿಗೆ ಸಿಕ್ಕಿದರೆ ಚಕ್ರ ಜಾರುತ್ತೆ, ಅಲ್ಲಿಗೆ ಬಲ ನಿಂತುಹೋಗುತ್ತೆ. ಬ್ಯಾಕ್‌ಹೋ ಕಾಲೂರಿ ನಿಂತು ಎಳೆಯುತ್ತೆ. ಹೈಡ್ರಾಲಿಕ್ ಸಿಲಿಂಡರಿಗೆ ಕರುಣೆ ಇಲ್ಲ, ರಿಲೀಫ್ ವಾಲ್ವ್ ತೆರೆಯೋ ತನಕ ಎಳೆಯುತ್ತಲೇ ಇರುತ್ತೆ.

ಎಷ್ಟು ಎಳೆಯುತ್ತೆ? ಶಾಪಿನ ಮುಂದೆ ಸ್ಟೂಲ್ ಹಾಕಿಕೊಂಡು ಲೆಕ್ಕ ಮಾಡಿದೆವು. ಮೂರನೇ ಸೆಮಿಸ್ಟರ್ ಓದಿದವರಿಗೆಲ್ಲ ಅರ್ಥ ಆಗುವ ಲೆಕ್ಕ ಇದು. ಸಿಲಿಂಡರ್ ಬೋರ್ 63 ಮಿ.ಮೀ., ಒತ್ತಡ 150 ಬಾರ್. ಬಲ ಸುಮಾರು 47 ಕಿಲೋನ್ಯೂಟನ್. ಸಿಲಿಂಡರ್ ಹಿಡಿದಿರೋದು ಪಿವಟ್‌ನಿಂದ ಕಾಲು ಮೀಟರ್ ದೂರದಲ್ಲಿ, ಬಕೆಟ್ಟಿನ ಹಲ್ಲು ಇರೋದು 1.2 ಮೀಟರ್ ದೂರದಲ್ಲಿ. ಹಾಗಾಗಿ ಹಲ್ಲಿನ ಹತ್ತಿರ ಸಿಗೋದು ಸುಮಾರು 10 ಕಿಲೋನ್ಯೂಟನ್, ಅಂದ್ರೆ ಒಂದು ಟನ್ ಎಳೆತ. ಹಲ್ಲು ಕಾಲುವೆಯ ತಳದಲ್ಲಿದ್ದಾಗ ಅದು ಕೆಳಗಿನ ಪಿನ್ನುಗಳಿಂದ ಒಂದೂವರೆ ಮೀಟರ್ ಕೆಳಗಿರುತ್ತೆ. 10ನ್ನು 1.5ರಿಂದ ಗುಣಿಸಿದರೆ 15 ಕಿಲೋನ್ಯೂಟನ್ ಮೀಟರ್ ಮೊಮೆಂಟ್. ಇಷ್ಟನ್ನೂ ತಡೆಯಬೇಕಾದ್ದು ಟಾಪ್ ಲಿಂಕ್. ಈ ಸೈಜಿನ ಟ್ರಾಕ್ಟರುಗಳಲ್ಲಿ ಬರೋ ಕೆಟಗರಿ 1 ಲಿಂಕೇಜಿನಲ್ಲಿ ಮೇಲಿನ ಪಿನ್ನಿಗೂ ಕೆಳಗಿನ ಪಿನ್ನಿಗೂ ಅಂತರ ಬರೀ 460 ಮಿ.ಮೀ. 15ನ್ನು 0.46ರಿಂದ ಭಾಗಿಸಿ. ಸುಮಾರು 33 ಕಿಲೋನ್ಯೂಟನ್. ಮೂರು ಟನ್ನಿಗೂ ಹೆಚ್ಚು ಬಲ, 19 ಮಿ.ಮೀ. ದಪ್ಪದ ಒಂದು ಪಿನ್ನಿನ ಮೂಲಕ, ಟ್ರಾಕ್ಟರಿನ ಹಿಂದಿನ ಎರಕದ ಮೇಲೆ ಗುದ್ದುತ್ತೆ. ನೆಲಕ್ಕೆ ಊರಿದ ಕಾಲುಗಳು ಸ್ವಲ್ಪ ಪಾಲು ತಗೊಳ್ಳುತ್ತವೆ ನಿಜ. ಆದರೆ ಒದ್ದೆ ಮಣ್ಣಲ್ಲಿ ಜಾರುವ ಕಾಲನ್ನು ನಂಬಿ ಡಿಸೈನ್ ಮಾಡೋಕಾಗಲ್ಲ.

ಇನ್ನೊಂದು ವಿಷಯ. ಲಾರಿಗೆ ಇರೋ ಹಾಗೆ ಟ್ರಾಕ್ಟರಿಗೆ ಚಾಸಿಸ್ ಇರೋದಿಲ್ಲ. 1917ರ ಫೋರ್ಡ್‌ಸನ್ ಕಾಲದಿಂದಲೂ ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್ ಇವನ್ನೇ ಒಂದಕ್ಕೊಂದು ಬೋಲ್ಟ್ ಮಾಡಿ ಬೆನ್ನೆಲುಬು ಮಾಡ್ತಾರೆ. ಹೆಚ್ಚಿನವು ಎರಕದ ಕಬ್ಬಿಣ. ಅದುಮಿದರೆ ಎಷ್ಟು ಬೇಕಾದರೂ ತಡೆಯುತ್ತೆ, ಎಳೆದರೆ, ಬಗ್ಗಿಸಿದರೆ ಬಿರುಕು ಬಿಡುತ್ತೆ. ಬ್ಯಾಕ್‌ಹೋ ನೆಲಕ್ಕೆ ಒತ್ತಿದಾಗ ಟ್ರಾಕ್ಟರಿನ ಹಿಂಭಾಗ ಮೇಲೇಳುತ್ತಲ್ಲ, ಆಗ ಬಗ್ಗೋದು ಸರಿಯಾಗಿ ನಡುವಿನ ಕ್ಲಚ್ ಹೌಸಿಂಗ್ ಹತ್ತಿರ.

ಇಷ್ಟನ್ನೂ ನಾವು ಮೇಸ್ತ್ರಿಗೆ ದೊಡ್ಡ ವಿದ್ವಾಂಸರ ಹಾಗೆ ವಿವರಿಸಿದೆವು. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಅವರು ಬೀಡಿ ಆರಿಸಿ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಕ್ಲಚ್ ಹೌಸಿಂಗ್ ಹತ್ತಿರ ಎರಡಾಗಿ ಬಾಯಿಬಿಟ್ಟ ಟ್ರಾಕ್ಟರ್. ಕೆಳಗೆಲ್ಲ ಆಯಿಲ್.

"ಇದು ಯಾರು ಮಾಡಿದ್ದು ಗೊತ್ತಾ?" ಅಂದರು.

ನಾವು ತಲೆ ಅಲ್ಲಾಡಿಸಿದೆವು.

"ನಾನೇ ಮಾರಾಯ. ಐದು ವರ್ಷದ ಹಿಂದೆ. ಮೂರು ಪಿನ್ನಿಗೆ ನೇತುಹಾಕಿ ಕೊಟ್ಟಿದ್ದೆ. ಒಂದು ಮಳೆಗಾಲ ಬಂತು, ಅಷ್ಟೇ. ಅವರು ಇನ್ನೂ ಟ್ರಾಕ್ಟರ್ ಲೋನ್ ಕಟ್ತಾ ಇದಾರೆ. ನನ್ನ ಹತ್ರ ಒಂದು ಮಾತೂ ಕೇಳಲಿಲ್ಲ. ಬೈದಿದ್ರೆ ವಾಸಿ ಇತ್ತು."

ಡ್ರೈವರಿಗೆ ಏನೂ ಆಗಿರಲಿಲ್ಲ, ಅದೊಂದು ಪುಣ್ಯ. ಯಾಕೆಂದರೆ ಬ್ಯಾಕ್‌ಹೋ ನಡೆಸುವವನು ಕೂರೋದು ಟ್ರಾಕ್ಟರಿಗೂ ಬ್ಯಾಕ್‌ಹೋಗೂ ಮಧ್ಯೆ. ಬಹುತೇಕ ಟ್ರಾಕ್ಟರುಗಳ ಲಿಫ್ಟ್ ಎತ್ತುತ್ತೆ ಅಷ್ಟೇ, ಕೆಳಗೆ ಒತ್ತಿ ಹಿಡಿಯಲ್ಲ. ಟಾಪ್ ಲಿಂಕ್ ಕಿತ್ತುಬಂದರೆ ಇಡೀ ಬ್ಯಾಕ್‌ಹೋ ಮಡಚಿಕೊಂಡು ಬಂದು ಅವನನ್ನೇ ಅದುಮುತ್ತೆ.

ಫೋಟೋ ನೋಡಿದ ಮೇಲೆ ನಮ್ಮ ವಿದ್ವತ್ತು ಸ್ವಲ್ಪ ಇಳಿಯಿತು. ನಮ್ಮ ಪುಸ್ತಕದಲ್ಲಿ ಎರಡು ಪುಟದಲ್ಲಿ ಇರೋ ವಿಷಯ ಅವರಿಗೆ ಒಂದು ಟ್ರಾಕ್ಟರ್ ಒಡೆದ ಮೇಲೆ ಗೊತ್ತಾಯ್ತು. ಅವರಿಗೆ ಮೊದಲೇ ಯಾರು ಹೇಳಬೇಕಿತ್ತು?

ಆಮೇಲೆ ಫ್ರೇಮ್ ಹೇಗಿರಬೇಕು ಅಂತ ಒಟ್ಟಿಗೇ ಕೂತು ಮಾಡಿದೆವು. ವಿಚಾರ ಸರಳ. ಟ್ರಾಕ್ಟರಿನ ಎರಡೂ ಪಕ್ಕ ಒಂದೊಂದು ಉದ್ದದ ಪ್ಲೇಟ್. ಹಿಂದೆ ಆಕ್ಸಲ್ ಹೌಸಿಂಗಿಗೆ ಬೋಲ್ಟ್, ಮುಂದೆ ಎಂಜಿನ್ ಮುಂಭಾಗದ ಸಪೋರ್ಟಿಗೆ ಬೋಲ್ಟ್. ನಡುವೆ ಅಡ್ಡ ಕಟ್ಟುಗಳು. ಬ್ಯಾಕ್‌ಹೋ ಈ ಫ್ರೇಮಿಗೆ ಕೂರುತ್ತೆ, ಮೂರು ಪಾಯಿಂಟಿಗೆ ಅಲ್ಲ. ಮೊದಲಿನ ಅದೇ 15 ಕಿಲೋನ್ಯೂಟನ್ ಮೀಟರನ್ನು ಈಗ 460 ಮಿ.ಮೀ. ಬದಲು ಒಂದೂವರೆ ಮೀಟರ್ ಅಂತರದಲ್ಲಿ ಹಿಡಿಯುತ್ತೇವೆ. ಬಲ 33ರಿಂದ 10 ಕಿಲೋನ್ಯೂಟನ್ನಿಗೆ ಇಳಿಯುತ್ತೆ. ಅದಕ್ಕಿಂತ ಮುಖ್ಯ ಅಂದ್ರೆ ಬಗ್ಗಿಸುವ ಬಲ ಕ್ಲಚ್ ಹೌಸಿಂಗಿನ ಒಳಗಿಂದ ಹೋಗದೆ ಪಕ್ಕದ ಉಕ್ಕಿನ ಪ್ಲೇಟಿನಲ್ಲಿ ಹಾದುಹೋಗುತ್ತೆ. ಮೇಸ್ತ್ರಿ ಇದನ್ನ ಒಂದೇ ಮಾತಲ್ಲಿ ಹೇಳಿದರು: "ಉದ್ದ ಕೋಲು ಹಿಡಿದ್ರೆ ಕೈ ನೋಯಲ್ಲ, ಅಷ್ಟೇ ಅಲ್ವಾ?" ಅಷ್ಟೇ.

ನಾವು ಕೊಟ್ಟಿದ್ದು ಲೆಕ್ಕ. ಜೊತೆಗೆ ದಪ್ಪ ಪ್ಲೇಟಿಗೆ ಮಾಮೂಲಿ 6013 ರಾಡ್ ಬೇಡ, ಒಣಗಿಸಿಟ್ಟ 7018 ರಾಡ್ ಬಳಸಿ ಅಂತ ಹೇಳಿದೆವು. ಬೋಲ್ಟ್ ತಲೆಯ ಮೇಲೆ 8.8 ಅಂತ ಬರೆದಿರೋದನ್ನೇ ತನ್ನಿ ಅಂದೆವು. ಜೋರು ಬರಲಿ ಅಂತ ರಿಲೀಫ್ ವಾಲ್ವ್ ಟೈಟ್ ಮಾಡಬೇಡಿ ಅಂದೆವು. ಅವರು ಕೊಟ್ಟಿದ್ದು ಅದಕ್ಕಿಂತ ಜಾಸ್ತಿ. ನಾವು ಟೇಪ್ ಹಿಡಿದು ಅಳೆದು ಎಡ ಬಲ ಒಂದೇ ಥರ ಬರೆದಿದ್ದೆವು. ಅವರು ರಟ್ಟಿನಲ್ಲಿ ಪ್ಲೇಟಿನ ಆಕಾರ ಕತ್ತರಿಸಿ ಟ್ರಾಕ್ಟರಿಗೆ ಹಿಡಿದು ನೋಡಿದರು. ಒಂದು ಪಕ್ಕ ಬ್ರೇಕ್ ರಾಡಿಗೆ ಎರಡು ನೂಲು ತಾಗುತ್ತಿತ್ತು, ಅಂದ್ರೆ ಕಾಲು ಇಂಚು. ನಮ್ಮ ಕಂಪ್ಯೂಟರ್ ಮಾಡೆಲ್ಲಿನಲ್ಲಿ ಬ್ರೇಕ್ ರಾಡ್ ಇರಲೇ ಇಲ್ಲ. ಆಮೇಲೆ ಕೇಳಿದರು, "ಈ ಅಡ್ಡಪಟ್ಟಿ ಇಲ್ಲಿ ಬಂದ್ರೆ ಆಯಿಲ್ ಹೇಗೆ ಇಳಿಸ್ತೀರಿ?" ಡ್ರೈನ್ ಪ್ಲಗ್ಗಿನ ಸರಿಯಾಗಿ ಕೆಳಗೇ ಹಾಕಿದ್ದೆವು! ಪ್ಲೇಟಿನ ತುದಿಯನ್ನು ಚೌಕವಾಗಿ ನಿಲ್ಲಿಸಬೇಡಿ, ಇಳಿಜಾರು ಮಾಡಿ ಸಣ್ಣದಾಗಿಸಿ, "ಪಟ್ಟಿ ಎಲ್ಲಿ ತಟಕ್ಕನೆ ನಿಲ್ಲುತ್ತೋ ಅಲ್ಲೇ ಒಡೆಯೋದು" ಅಂದರು. ನಮ್ಮ ಪುಸ್ತಕದಲ್ಲಿ ಇದಕ್ಕೆ ಸ್ಟ್ರೆಸ್ ಕಾನ್ಸಂಟ್ರೇಷನ್ ಅಂತ ಒಂದು ಚಾಪ್ಟರೇ ಇದೆ. ಟ್ರಾಕ್ಟರ್ ಮೇಲೆ ಬರೀ ಟ್ಯಾಕ್ ಹೊಡೆದು, ಬಿಚ್ಚಿ ಕೆಳಗಿಟ್ಟು ಪೂರ್ತಿ ವೆಲ್ಡ್ ಮಾಡಿದರು. ಟ್ಯಾಕ್ ಹೊಡೆಯುವ ಮುಂಚೆ ಬ್ಯಾಟರಿ ವೈರ್ ತೆಗೆದರು, ಅರ್ತಿಂಗ್ ಕ್ಲಾಂಪನ್ನು ವೆಲ್ಡಿನ ಪಕ್ಕದಲ್ಲೇ ಹಿಡಿಸಿದರು. ಕರೆಂಟ್ ಬೇರಿಂಗ್ ಮೂಲಕ ಹಾದರೆ ಬೇರಿಂಗ್ ಹೋಗುತ್ತೆ. ಇದನ್ನ ನಮಗೆ ಯಾವ ಲ್ಯಾಬಿನಲ್ಲೂ ಹೇಳಿರಲಿಲ್ಲ.

ಈಗ ಆ ಪ್ಲೇಟಿನ ಕಥೆ. ಪಕ್ಕದ ಪ್ಲೇಟುಗಳಲ್ಲಿ ಬೋಲ್ಟಿಗೆ ತೂತು ಬೇಕಿತ್ತು. ಡ್ರಾಯಿಂಗಿನಲ್ಲಿ ಚೆನ್ನಾಗಿ, ದಪ್ಪಕ್ಷರದಲ್ಲಿ, ಇಂಗ್ಲಿಷಿನಲ್ಲಿ ನೋಟ್ ಹಾಕಿದ್ದೆವು: ತೂತುಗಳನ್ನು ಡ್ರಿಲ್ ಮಾಡಬೇಕು, ಗ್ಯಾಸಿನಲ್ಲಿ ಕತ್ತರಿಸಬಾರದು ಅಂತ. ಮೇಸ್ತ್ರಿ ಶಿವಮೊಗ್ಗಕ್ಕೆ ಸಾಮಾನು ತರೋಕೆ ಹೋಗಿದ್ದರು. ನಾವು ಊಟಕ್ಕೆ ಹೋಗಿದ್ದೆವು. ವಾಪಸ್ ಬರುವಷ್ಟರಲ್ಲಿ ಶಾಪಿನ ಹುಡುಗ ಎಂಟೂ ತೂತನ್ನ ಗ್ಯಾಸ್ ಕಟರಿನಲ್ಲಿ ಕತ್ತರಿಸಿ ಮುಗಿಸಿದ್ದ. ನಮಗೆ ಸಹಾಯ ಆಗಲಿ ಅಂತಲೇ ಮಾಡಿದ್ದ. ತೂತು ಮೊಟ್ಟೆಯಾಕಾರ. ಅಂಚು ಒರಟು. ಗ್ಯಾಸಿನ ಅಂಚಿನಲ್ಲಿ ಕಬ್ಬಿಣ ಗಡುಸಾಗುತ್ತೆ, ಸಣ್ಣ ಸಣ್ಣ ಕಚ್ಚು ಉಳಿಯುತ್ತೆ, ಬಿರುಕು ಶುರುವಾಗೋದು ಅಲ್ಲಿಂದಲೇ. ಬೋಲ್ಟ್ ಒಳಗೆ ಅಲ್ಲಾಡಿದರೆ ಪ್ರತಿ ಎಳೆತಕ್ಕೂ ಸುತ್ತಿಗೆ ಏಟು ಬಿದ್ದ ಹಾಗೆ.

ನಾವು ಅವನ ಮೇಲೆ ಕೂಗಾಡಿದೆವು. "ಡ್ರಾಯಿಂಗ್ ನೋಡಲಿಲ್ವಾ? ಬರೆದಿತ್ತಲ್ಲ?" ಅವನು ಏನೂ ಮಾತಾಡಲಿಲ್ಲ. ನಮಗಿಂತ ಒಂದೆರಡು ವರ್ಷ ಚಿಕ್ಕವನು ಇರಬಹುದು. ಸಂಜೆ ಮೇಸ್ತ್ರಿ ಬಂದರು, ಪ್ಲೇಟ್ ನೋಡಿದರು, ಡ್ರಾಯಿಂಗ್ ನೋಡಿದರು. ಆಮೇಲೆ ನಮ್ಮನ್ನ ನೋಡಿದರು.

"ಇವನು ಹತ್ತನೇ ಕ್ಲಾಸು ಪಾಸು. ದಿನಾ ಬೆಳಿಗ್ಗೆ ಪೇಪರ್ ಓದಿ ನನಗೆ ಸುದ್ದಿ ಹೇಳೋದೇ ಇವನು. ಅವನಿಗೆ ಬರೋ ಭಾಷೇಲಿ ಬರ್ದಿದ್ರಾ ನೀವು?"

ನಾವು ಬರೆದಿರಲಿಲ್ಲ. ಹೊಳೆದೇ ಇರಲಿಲ್ಲ. ನಾಲ್ಕೂ ಜನಕ್ಕೆ ಕನ್ನಡ ಬರುತ್ತೆ, ಮನೆಯಲ್ಲಿ ಮಾತಾಡೋದೇ ಕನ್ನಡ, ಮೊದಲ ವರ್ಷ ಸಾಂಸ್ಕೃತಿಕ ಕನ್ನಡದ ಪೇಪರ್ ಬರೆದು ಪಾಸಾಗಿದ್ದೇವೆ, ರಾಜ್ಯೋತ್ಸವಕ್ಕೆ ಕೆಂಪು ಹಳದಿ ಶಾಲು ಹಾಕಿಕೊಂಡು ಸೆಲ್ಫಿ ತೆಗೆದುಕೊಂಡಿದ್ದೇವೆ. ಆದರೆ ಒಂದು ಪ್ಲೇಟಿನ ಮೇಲೆ, ಅದನ್ನ ಕತ್ತರಿಸುವವನಿಗೆ ಅರ್ಥವಾಗುವ ಹಾಗೆ ‘ಇಲ್ಲಿ ಗ್ಯಾಸ್ ಕಟಿಂಗ್ ಬೇಡ, ಡ್ರಿಲ್ ಮಾಡಿ’ ಅಂತ ಬರೆಯಬೇಕು ಅನ್ನಿಸಲಿಲ್ಲ. ಆ ಹುಡುಗನಿಗೆ ಓದೋಕೆ ಬರುತ್ತಿತ್ತು. ನಮಗೆ ಬರೆಯೋಕೆ ಬರಲಿಲ್ಲ.

ಇದೇ ನಮ್ಮ ವಾದ. ಡ್ರಾಯಿಂಗ್ ಶೀಟಿನಲ್ಲಿ ಕನ್ನಡ ಇರಬೇಕು. ಅಭಿಮಾನಕ್ಕಾಗಿ ಅಲ್ಲ, ಸುರಕ್ಷತೆಗಾಗಿ.

ಇದಕ್ಕೆ ನಮ್ಮ ಕ್ಲಾಸಿನಲ್ಲೇ ಎರಡು ಆಕ್ಷೇಪ ಬಂದವು. ಒಂದು, ಡ್ರಾಯಿಂಗ್ ಅನ್ನೋದು ಅಂತರರಾಷ್ಟ್ರೀಯ ಭಾಷೆ, ಅದನ್ನ ಕನ್ನಡ ಮಾಡಿದರೆ ನಾಳೆ ಕೆಲಸಕ್ಕೆ ಹೋದಾಗ ಏನು ಗತಿ ಅಂತ. ಗೆರೆ, ಅಳತೆ, ವೆಲ್ಡಿಂಗ್ ಚಿಹ್ನೆ ಇವನ್ನೆಲ್ಲ ಬದಲಿಸಿ ಅಂತ ನಾವು ಹೇಳ್ತಾ ಇಲ್ಲ. ಅವು ಎಲ್ಲ ಕಡೆ ಒಂದೇ, ಮೇಸ್ತ್ರಿಗೂ ಅವು ಚೆನ್ನಾಗಿ ಗೊತ್ತು. ಆದರೆ ‘ಇದನ್ನು ಮೊದಲು ಮಾಡಿ’, ‘ಇದನ್ನು ಮಾಡಲೇಬೇಡಿ’ ಅನ್ನೋದಕ್ಕೆ ಚಿಹ್ನೆ ಇಲ್ಲ, ಮಾತೇ ಬೇಕು. ಜರ್ಮನಿಯ ಕಾರ್ಖಾನೆ ಡ್ರಾಯಿಂಗಿನಲ್ಲಿ ಆ ಮಾತು ಜರ್ಮನ್ನಿನಲ್ಲಿರುತ್ತೆ, ಜಪಾನಿನದರಲ್ಲಿ ಜಪಾನಿಯಲ್ಲಿ. ಅವರಿಗೇನೂ ಕೆಲಸ ತಪ್ಪಿಲ್ಲ. ಕಂಪನಿಗೆ ಕೊಡುವಾಗ ಇಂಗ್ಲಿಷ್ ಇರಲಿ, ಮೇನ್ ರೋಡಿನ ಶಾಪಿಗೆ ಕೊಡುವಾಗ ಕನ್ನಡ ಇರಲಿ. ಓದುವವನು ಯಾರು ಅಂತ ನೋಡಿ ಬರೆಯೋದು ಡಿಸೈನಿನ ಒಂದು ಭಾಗವೇ.

ಎರಡನೇ ಆಕ್ಷೇಪ, ಕನ್ನಡದಲ್ಲಿ ಟೆಕ್ನಿಕಲ್ ಪದಗಳೇ ಇಲ್ಲವಲ್ಲ ಅಂತ. ಯಾರು ಹೇಳಿದ್ದು? ಆ ಶಾಪಿನಲ್ಲಿ ದಿನವಿಡೀ ಟೆಕ್ನಿಕಲ್ ಮಾತೇ ನಡೆಯುತ್ತೆ, ಕನ್ನಡದಲ್ಲೇ ನಡೆಯುತ್ತೆ. ನೂಲು, ಮಟ್ಟ, ಕಚ್ಚು, ಎರಕ ಇವೂ ಕನ್ನಡವೇ. ಬೋಲ್ಟ್, ಬುಶ್, ಚಾನೆಲ್, ಟ್ಯಾಕ್ ಇವೂ ಈಗ ಕನ್ನಡವೇ. ಬೋಲ್ಟಿಗೆ ಯಾರೋ ಸಂಸ್ಕೃತದಿಂದ ಒಂದು ಪದ ಕಟ್ಟಿ ಕೊಟ್ಟರೆ ಆ ಹುಡುಗನಿಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ. ನಾವು ಕೇಳ್ತಿರೋದು ಶುದ್ಧ ಕನ್ನಡ ಅಲ್ಲ, ತೂತು ಸರಿಯಾಗಿ ಬರೋ ಕನ್ನಡ.

ಇನ್ನೊಂದು ಪದದ ಬಗ್ಗೆ ಹೇಳಲೇಬೇಕು. ಜುಗಾಡ್. ಊರಿನ ವರ್ಕ್‌ಶಾಪಿನಲ್ಲಿ ಏನೇ ಮಾಡಿದರೂ ಅದನ್ನ ಜುಗಾಡ್ ಅಂತ ಮೆಚ್ಚಿಕೊಂಡು ವಿಡಿಯೋ ಹಾಕ್ತೀವಿ. ಹೊಗಳಿದ ಹಾಗೆ ಇರುತ್ತೆ, ಆದರೆ ಆ ಪದದಲ್ಲಿ ಎರಡು ಸುಳ್ಳಿದೆ. ರಟ್ಟು ಕತ್ತರಿಸಿ ಬ್ರೇಕ್ ರಾಡ್ ಕಂಡುಹಿಡಿದದ್ದು ಜುಗಾಡ್ ಅಲ್ಲ, ಅದು ಒಳ್ಳೆ ಎಂಜಿನಿಯರಿಂಗ್. ಬ್ಯಾಕ್‌ಹೋವನ್ನ ಮೂರು ಪಿನ್ನಿಗೆ ನೇತುಹಾಕೋದೂ ಜುಗಾಡ್ ಅಲ್ಲ, ಅದು ಅಪಾಯ. ಎರಡನ್ನೂ ಒಂದೇ ಪದದಲ್ಲಿ ಕಟ್ಟಿ ನಕ್ಕುಬಿಟ್ಟರೆ ಒಳ್ಳೇದಕ್ಕೆ ಮರ್ಯಾದೆ ಸಿಗಲ್ಲ, ಕೆಟ್ಟದ್ದನ್ನ ತಡೆಯೋಕೂ ಆಗಲ್ಲ.

ಕಂಪನಿಯವರೇ ಆ ಟ್ರಾಕ್ಟರಿಗೆ ಅಂತ ಮಾಡಿದ ಬ್ಯಾಕ್‌ಹೋ, ಫ್ರೇಮ್ ಸಮೇತ ಸಿಕ್ಕಿದರೆ, ದುಡ್ಡೂ ಇದ್ದರೆ, ಅದನ್ನೇ ತಗೊಳ್ಳಿ. ಅದರಲ್ಲಿ ನಮಗೆ ಅನುಮಾನ ಇಲ್ಲ. ಆದರೆ ಅಷ್ಟು ದುಡ್ಡು ಎಲ್ಲರ ಹತ್ತಿರ ಇರೋದಿಲ್ಲ. ಹಳೇದು ತಂದು ಹೊಂದಿಸುವ ಕೆಲಸ ನಡೆದೇ ನಡೆಯುತ್ತೆ. ಅದು ಸರಿಯಾಗಿ ನಡೀಬೇಕು ಅಂದ್ರೆ ಕಾಲೇಜುಗಳು ಮೂರು ಕೆಲಸ ಮಾಡಬಹುದು ಅಂತ ನಮಗೆ ಅನ್ನಿಸುತ್ತೆ.

ಮೊದಲನೇದು, ಎರಡನೇ ವರ್ಷದ ಮಿನಿ ಪ್ರಾಜೆಕ್ಟಿಗೆ ನೆಟ್ಟಿನಿಂದ ಟಾಪಿಕ್ ಇಳಿಸೋ ಬದಲು ಹತ್ತಿರದ ವೆಲ್ಡಿಂಗ್ ಶಾಪಿನ ಒಂದು ನಿಜವಾದ ಕೆಲಸ ತಗೊಳ್ಳಲಿ. ಎರಡನೇದು, ಆ ಕೆಲಸದ ಡ್ರಾಯಿಂಗಿನಲ್ಲಿ ನೋಟ್ಸ್ ಕನ್ನಡದಲ್ಲೂ ಇರಬೇಕು ಅಂತ ಮಾರ್ಕ್ಸ್ ಇಡಲಿ. ಐದೇ ಮಾರ್ಕ್ಸ್ ಸಾಕು, ಮಾರ್ಕ್ಸ್ ಇದ್ದರೆ ನಾವು ಮಾಡ್ತೀವಿ ಅಂತ ನಿಮಗೂ ಗೊತ್ತು. ಮೂರನೇದು, ತಿಂಗಳಲ್ಲಿ ಒಂದು ಶನಿವಾರ ನಮ್ಮ ವರ್ಕ್‌ಶಾಪ್ ಲ್ಯಾಬನ್ನು ಊರಿನ ಮೇಸ್ತ್ರಿಗಳಿಗೆ ತೆರೆಯಲಿ. ಅವರು ಕಲಿಯೋಕೂ ಬರಲಿ, ಕಲಿಸೋಕೂ ಬರಲಿ. ಐದು ವರ್ಷದ ಹಿಂದೆ ಅಂಥ ಒಂದು ಶನಿವಾರ ಇದ್ದಿದ್ದರೆ ಆ ಫೋಟೋದಲ್ಲಿನ ಟ್ರಾಕ್ಟರ್ ಇವತ್ತೂ ಓಡುತ್ತಿತ್ತೇನೋ.

ಹಾಳಾದ ಪ್ಲೇಟ್ ಏನಾಯ್ತು ಅಂತ ಕೇಳ್ತೀರಾ? ಅದರ ತೂತುಗಳಿಗೆ ವೆಲ್ಡ್ ತುಂಬಿ ಮತ್ತೆ ಡ್ರಿಲ್ ಮಾಡೋಣ ಅಂದ್ವಿ. ಮೇಸ್ತ್ರಿ ಒಪ್ಪಲಿಲ್ಲ. ತೂತಿನ ಭಾಗ ಕತ್ತರಿಸಿ ತೆಗೆದು, ಉಳಿದಿದ್ದರಲ್ಲಿ ಮೂಲೆಗೆ ಕೊಡುವ ತ್ರಿಕೋನದ ಪಟ್ಟಿ ಮಾಡಿದರು. ಹೊಸ ಪ್ಲೇಟಿನ ದುಡ್ಡನ್ನ ನಾವು ನಾಲ್ಕು ಜನ ಹಂಚಿಕೊಂಡು ಕೊಟ್ಟೆವು. ಹುಡುಗನ ಹತ್ತಿರ ಹೋಗಿ ಸಾರಿ ಕೇಳಿದೆವು. ಹೊಸ ಪ್ಲೇಟಿನ ಮೇಲೆ ಚಾಕ್‌ಪೀಸಿನಲ್ಲಿ ಕನ್ನಡದಲ್ಲಿ ಬರೆದೆವು. ಅವನು ಓದಿ, ನಕ್ಕು, ‘ಕಟಿಂಗ್’ನಲ್ಲಿ ಬಿಟ್ಟುಹೋಗಿದ್ದ ಸೊನ್ನೆಯನ್ನ ಹಾಕಿಕೊಟ್ಟ.

ಫ್ರೇಮ್ ಕೂತಿದೆ. ಪ್ರತಿ ಬೋಲ್ಟಿನ ಮೇಲೂ ಪ್ಲೇಟಿನ ತನಕ ಒಂದು ಬಿಳಿ ಪೇಂಟ್ ಗೆರೆ ಎಳೆದಿದ್ದೇವೆ, ಬೋಲ್ಟ್ ತಿರುಗಿದರೆ ಗೆರೆ ತಪ್ಪಿ ಕಾಣುತ್ತೆ. ಒಂದು ಗಂಟೆ ಕೆಲಸ ಆದಮೇಲೆ ನೋಡಿದಾಗ ಎಡಗಡೆ ಒಂದು ಬೋಲ್ಟಿನ ಗೆರೆ ತಪ್ಪಿತ್ತು. ಮತ್ತೆ ಟೈಟ್ ಮಾಡಿ ಹೊಸ ಗೆರೆ ಎಳೆದೆವು. ದೊಡ್ಡಪ್ಪ ಈಗ ಪ್ರತಿ ಭಾನುವಾರ ಗೆರೆಗಳ ಫೋಟೋ ತೆಗೆದು ಕಳಿಸ್ತಾರೆ. ಮಳೆಗಾಲ ಪೂರ್ತಿ ಕಳೆಯೋ ತನಕ ನಾವು ಗೆದ್ದೆವು ಅಂತ ಹೇಳಲ್ಲ.

ಕೊನೆಗೆ ಓದುಗ ಗೆಳೆಯರಲ್ಲಿ ಒಂದು ಕೇಳಿಕೆ. ಮುಂದಿನ ಸಂಚಿಕೆಗೆ ನಿಮ್ಮ ಊರಿನ ವೆಲ್ಡಿಂಗ್ ಶಾಪು, ಗ್ಯಾರೇಜು, ಲೇತ್ ಅಂಗಡಿಗಳಲ್ಲಿ ಬಳಸುವ ಹತ್ತು ಪದ ಬರೆದು ಕಳಿಸಿ. ಬೀದರಿನಲ್ಲಿ ಒಂದಿರುತ್ತೆ, ಪುತ್ತೂರಿನಲ್ಲಿ ಇನ್ನೊಂದಿರುತ್ತೆ. ಎಲ್ಲ ಸೇರಿಸಿ, ಡ್ರಾಯಿಂಗಿನಲ್ಲಿ ಹಾಕಬಹುದಾದ ನೋಟ್ಸುಗಳ ಒಂದು ಪುಟ ಮಾಡೋಣ. ಮೊದಲನೇ ಸಾಲು ಈಗಲೇ ರೆಡಿ ಇದೆ: ಇಲ್ಲಿ ಗ್ಯಾಸ್ ಕಟಿಂಗ್ ಬೇಡ, ಡ್ರಿಲ್ ಮಾಡಿ.